ಒಲೆ ಹಚ್ಚದೆ ಬಂದ ಬೂದಿ

ಮಧ್ಯಪ್ರದೇಶದ ಆ ಕಲ್ಲಿದ್ದಲ ಊರಿನಲ್ಲಿ ಮೊದಲ ಬೆಳಿಗ್ಗೆ ಬಾಗಿಲು ತೆಗೆದರೆ ಅಂಗಳವೆಲ್ಲ ಬೂದಿ. ನಾವಿನ್ನೂ ಒಲೆಯನ್ನೇ ಹಚ್ಚಿರಲಿಲ್ಲ. ನಾನು ಕೂಲಿಗೆ ಸೇರಿದ್ದ, ಕರೆಂಟು ಹುಟ್ಟಿಸುವ ಕಾರ್ಖಾನೆಯ ಚಿಮಣಿಯಿಂದ ರಾತ್ರಿಯೆಲ್ಲ ಉದುರಿತ್ತು. ಅಲ್ಲಿಯವರು ಅದನ್ನು 'ರಾಖ್' ಎಂದು ಬೈಯುತ್ತ ಗುಡಿಸುತ್ತಿದ್ದರು. ನನ್ನ ಹೆಂಡತಿ ಹನುಮವ್ವ ಮೊರ ತಂದಳು.

"ನೋಡ್ರಿ, ಒಲಿ ಹಚ್ಚದಲೇ ಬೂದಿ! ನಮ್ಮ ಹೊಸಹಳ್ಳ್ಯಾಗ ಆಗಿದ್ರ ಓಣಿಗೆ ಓಣಿನೇ ಬುಟ್ಟಿ ಹಿಡಕೊಂಡು ಬರ್ತಿತ್ತು."

"ಬಳಕೋ, ಪುಕ್ಕಟಿ ಐತಿ," ಎಂದೆ.

ಕಾನಹೊಸಹಳ್ಳಿಯ ನಮಗೆ ಬೂದಿ ಹೊಲಸಲ್ಲ. ಪಾತ್ರೆ ತಿಕ್ಕುವುದು ಅದರಲ್ಲೇ, ಬೀಜಕ್ಕೆ ಹುಳ ಬೀಳದಂತೆ ಬೆರೆಸಿಡುವುದೂ ಅದನ್ನೇ. ಊರಿಂದ ತಂದ ಅಲಸಂದಿ ಬೀಜಕ್ಕೆ ಈ ಬೂದಿ ಬೆರೆಸಿ ಡಬ್ಬಿ ಮುಚ್ಚಿದಳು. ಹಿಂದಿ ಬಾರದವಳಿಗೆ ಗೆಳತಿಯರು ಸಿಕ್ಕಿದ್ದೂ ಬೂದಿಯಿಂದಲೇ. ಅವಳ ತಂಬಿಗೆಯ ಹೊಳಪು ನೋಡಿ ನೆರೆಯವರು ಕೇಳಿ ಬಂದರು. ದಿನಾ ಬೂದಿಯನ್ನು ಸೆರಗಿನಲ್ಲೇ ಜರಡಿ ಹಿಡಿದು ಹಂಚುತ್ತಿದ್ದಳು.

ಮಳೆಗಾಲ ಕಳೆಯುವಷ್ಟರಲ್ಲಿ ಅವಳಿಗೆ ಕೆಮ್ಮು ಹತ್ತಿತು. ಡಾಕ್ಟರು ಅವಳ ಸೆರಗನ್ನು ಬೆರಳಿನಲ್ಲಿ ಉಜ್ಜಿ ನೋಡಿ, ಇದು ಒಲೆಯ ಬೂದಿಯಲ್ಲ, ಎದೆಗೆ ಇಳಿಯುವಂಥದ್ದು, ಊರಿಗೆ ಕಳಿಸು ಎಂದರು. ರೈಲು ಹತ್ತುವಾಗ ಅವಳು ಕೇಳಿದ್ದೊಂದೇ.

"ಹೊಗಿ ನಿಂತ ದಿನ ಕರಿಯಾಕ ಬರ್ತೀರಿಲ್ಲ?"

"ನಾನೇ ನಿಲ್ಲಸ್ತೀನಿ ತಗೋ."

ಆರನೆಯ ತರಗತಿಗೆ ಶಾಲೆ ಬಿಟ್ಟವನ ಜಂಬ ಅದು. ಆದರೆ ಚಿಮಣಿಗೆ ಬೂದಿ ಹಿಡಿಯುವ ಯಂತ್ರ ಕೂರಿಸುವಾಗ ಮುಂದೆ ನಿಂತವನೂ ನಾನೇ. ಮನೆಯೆತ್ತರದ ತಗಡುಗಳು, ಕರೆಂಟು ಹರಿಸಿದರೆ ಹೊಗೆಯೊಳಗಿನ ಬೂದಿ ಅವಕ್ಕೆ ಅಂಟುತ್ತದೆ, ಸುತ್ತಿಗೆ ಬಡಿದರೆ ಕೆಳಗೆ ಉದುರುತ್ತದೆ. ನಾವು ಕಂಬಳಿ ಬಡಿದಂತೆಯೇ. ಯಾವ ಸುತ್ತಿಗೆ ತಪ್ಪಿದೆ ಎಂದು ಸದ್ದಿನಲ್ಲೇ ಹೇಳುತ್ತಿದ್ದೆ. ಇಂಜಿನಿಯರು ಬೆನ್ನು ತಟ್ಟಿದರು.

ಒಂದು ಬೆಳಿಗ್ಗೆ ಅಂಗಳದಲ್ಲಿ ಬೂದಿಯಿರಲಿಲ್ಲ. ಎಸ್‌ಟಿಡಿ ಬೂತಿಗೆ ಓಡಿದೆ. ಹೊಸಹಳ್ಳಿಯ ಅಂಗಡಿಯ ಫೋನಿಗೆ ಅವಳ ತಮ್ಮ ಬಂದ.

"ನಿಮ್ಮಕ್ಕಗ ಹೇಳಲೇ, ಹೊಗಿ ನಿಂತೈತಿ! ಗಂಟು ಕಟ್ಟು ಅನ್ನು."

"ಮಾವ, ಅಕ್ಕ ನಿನ್ನೆ ಹೋದ್ಳು. ತಂತಿ ಕೊಟ್ಟಿದ್ವಿ... ಮುಟ್ಟಿಲ್ಲೇನು?"

ನಾನು ಮುಟ್ಟುವಷ್ಟರಲ್ಲಿ ಮಣ್ಣು ಮಾಡಿದ್ದರು.

ಈಗಲೂ ಅಲ್ಲೇ ದುಡಿಯುತ್ತೇನೆ. ಊರಿಗೆ ಬಂದಾಗ ಅವಳ ತಮ್ಮನ ಹೆಂಡತಿ ಬೀಜಕ್ಕೆ ಬೂದಿ ಬೆರೆಸಲು ಕೂತರೆ ಎದ್ದು ಹೊರಗೆ ಹೋಗುತ್ತೇನೆ. "ಒಲಿ ಬೂದಿ ಅಣ್ಣಾ, ಏನೂ ಮಾಡಂಗಿಲ್ಲ," ಎನ್ನುತ್ತಾಳೆ. ನನಗೂ ಗೊತ್ತು. ಬಳಕೋ ಎಂದವನ ಕಾಲು ಅಲ್ಲಿ ನಿಲ್ಲುವುದಿಲ್ಲ.

ಹನುಮವ್ವನ ಅಲಸಂದಿ ಡಬ್ಬಿ ಆ ಕಲ್ಲಿದ್ದಲ ಊರಿನ ಮನೆಯ ಗೋಡೆಯ ಮಾಡಿನಲ್ಲಿದೆ. ಮೊನ್ನೆ ಅಲ್ಲಿಂದ ಹೊರಡುವ ಮುಂಚೆ ಮುಚ್ಚಳ ತೆಗೆದೆ. ಒಂದು ಕಾಳಿಗೂ ಹುಳ ಬಿದ್ದಿಲ್ಲ. ಬಿತ್ತಲು ಅಲ್ಲಿ ನನಗೆ ನೆಲವಿಲ್ಲ. ಇಲ್ಲಿ ಊರಲ್ಲಿ ನೆಲವಿದೆ, ಡಬ್ಬಿ ತರಲು ಕೈ ಬರುವುದಿಲ್ಲ.