ಭರಣಿಯ ಬುಡದ ನೀಲಿ ಗೀಟು

ತಾಮ್ರದ ಪಾತ್ರೆಯನ್ನು ಹುಣಸೆಹುಳಿ, ಉಪ್ಪು ಹಾಕಿ ತಿಕ್ಕುವಾಗ ಬೆರಳಿಗೆ ಹತ್ತುವ ಒಂದು ವಾಸನೆ ಇದೆಯಲ್ಲ, ನಾಲಗೆಯ ಬುಡದಲ್ಲಿ ನೀರೂರಿಸುವಂಥದು, ಎಷ್ಟು ಸಾಬೂನು ಹಾಕಿದರೂ ಸಂಜೆಯವರೆಗೆ ಬಿಡದ್ದು, ಅದು ಮೂಗಿಗೆ ಬಂದರೆ ಬೇರೆಯವರಿಗೆ ದೇವರ ಕೋಣೆ ನೆನಪಾದೀತು. ನನಗೆ ಕಲ್ಲುಗಳು ನೆನಪಾಗುತ್ತವೆ, ಜೊತೆಗೆ ಸಿಟ್ಟೂ ಬರುತ್ತದೆ. ಮೊನ್ನೆ ಅಮ್ಮನ ತಂಬಿಗೆ ತಿಕ್ಕುತ್ತಿದ್ದಾಗಲೂ ಹಾಗೇ ಆಯಿತು. ರಾಸ್ ಲಫಾನಿನ ಗ್ಯಾಸ್ ಕಾರ್ಖಾನೆಯ ಶಿಫ್ಟು ಮುಗಿಸಿ ಬಂದ ನನ್ನವರು ಅಡುಗೆಮನೆಯ ಬಾಗಿಲಲ್ಲಿ ನಿಂತು, ಯಾರ ಮೇಲೆ ಕೋಪ ಎಂದು ಕೇಳಿದರು. ಯಾರೂ ಉಳಿದಿಲ್ಲ ಎಂದೆ.

ನಾನು ಚಿಕ್ಕವಳಿದ್ದಾಗ ನಾವು ಇದೇ ಗಲ್ಫ್ ಊರಿನ ಹಳೇ ಪೇಟೆ ಸೂಕ್ ವಾಕಿಫ್‌ನ ಹಿಂದಿನ ಓಣಿಯೊಂದರಲ್ಲಿ, ಹಳೇ ಅರಬ್ಬೀ ಮನೆಯ ಎರಡು ಕೋಣೆಗಳಲ್ಲಿ ಇದ್ದೆವು. ನಡುವೆ ಅಂಗಳ, ಅಂಗಳದಲ್ಲಿ ಬಿಸಿಲಿಗೆ ಕಾದು ಕುದಿಯುವ ನೀರಿನ ಟ್ಯಾಂಕು, ಗೋಡೆಯಲ್ಲಿ ಕೆಮ್ಮುವ ಹಳೇ ಏಸಿ. ಈಗ ಅಲ್ಲಿ ಕಾರು ನಿಲ್ಲಿಸುವ ನೆಲಮಾಳಿಗೆ ಉಂಟು. ಅಲ್ಲಿಗೆ ಹೋದಾಗಲೆಲ್ಲ ನಾನು ಕಂಬಗಳ ನಡುವೆ ನಿಂತು, ಅಡುಗೆಮನೆ ಇಲ್ಲಿತ್ತೋ ಅಲ್ಲಿತ್ತೋ ಎಂದು ಅಂದಾಜು ಮಾಡುತ್ತೇನೆ. ಆ ಎರಡು ಕೋಣೆಗಳಲ್ಲಿ ಮನುಷ್ಯರಿಗಿಂತ ಹೆಚ್ಚು ಜಾಗ ಅಪ್ಪನ ಕಲ್ಲುಗಳಿಗಿತ್ತು. ಕಿಟಕಿಯ ದಂಡೆಯ ಮೇಲೆ ಕಲ್ಲು, ಫ್ರಿಜ್ಜಿನಲ್ಲಿ ಮೊಟ್ಟೆ ಇಡುವ ಗುಳಿಗಳಲ್ಲಿ ಕಲ್ಲು, ನನ್ನ ಶಾಲೆಯ ಬೂಟಿನೊಳಗೂ ಒಮ್ಮೆ ಕಲ್ಲು. ಅಪ್ಪ ಕಟ್ಟಡದ ಕಂಪೆನಿಯಲ್ಲಿ ನಕ್ಷೆ ಬರೆಯುತ್ತಿದ್ದರು. ದಿನವಿಡೀ ನೆಟ್ಟನೆಯ ಗೆರೆ ಎಳೆದ ಮನುಷ್ಯನಿಗೆ ಸೊಟ್ಟಂಬಟ್ಟ ವಸ್ತುವಿನ ಮೇಲೆ ಮೋಹ ಹುಟ್ಟಿತೆಂದು ಕಾಣುತ್ತದೆ. ಅಮ್ಮ ಮಾತ್ರ ಅದಕ್ಕೆ ಮರ್ಲು, ಅಂದರೆ ಹುಚ್ಚು, ಎಂಬ ಒಂದೇ ಹೆಸರು ಇಟ್ಟಿದ್ದಳು.

ಈ ಮರ್ಲಿಗೆ ಜೊತೆಗಾರ ಲಿಗೋರಿ ಮಾಮ. ಶಿರ್ವದ ಕಡೆಯವರು, ಅಪ್ಪನ ಆಫೀಸಿನಲ್ಲೇ ಗುಮಾಸ್ತರು. ಹೆಂಡತಿ ಮಕ್ಕಳು ಊರಲ್ಲಿ, ಇವರು ಕಂಪೆನಿಯ ಕೋಣೆಯಲ್ಲಿ ಇನ್ನೂ ಐದಾರು ಜನರ ಜೊತೆ. ಶುಕ್ರವಾರದ ಊಟ ನಮ್ಮಲ್ಲಿ. ಈದ್ ರಜೆ ಬಂತೆಂದರೆ ಬೇರೆ ಮಕ್ಕಳು ಹೊಸ ಬಟ್ಟೆ ಹಾಕಿ ಸಮುದ್ರದ ಬದಿಗೆ ಹೋಗುತ್ತಿದ್ದರು. ನಾವು ಅಪ್ಪನ ಹಳೇ ಜೀಪಿನಲ್ಲಿ ಗಡಿಯ ಮೇಲೆ ಗಡಿ ದಾಟಿ, ಒಂದೊಂದು ಗಡಿಯಲ್ಲೂ ಬೆವರುತ್ತಾ ಕೂತು, ಒಮಾನಿನ ಬೋಳು ಗುಡ್ಡಗಳ ನಡುವೆ ಯಾರೋ ಯಾವುದೋ ಕಾಲದಲ್ಲಿ ತೋಡಿ ಬಿಟ್ಟುಹೋದ ತಾಮ್ರದ ಗಣಿಗಳಿಗೆ ಹೋಗುತ್ತಿದ್ದೆವು. ತೂತು ನೋಡಲಿಕ್ಕೆ ಇಷ್ಟು ದೂರವಾ ಎಂದು ಅಮ್ಮ ಹೊರಡುವಾಗ ಶುರುಮಾಡಿದರೆ ಮರಳಿ ಮನೆ ಮುಟ್ಟುವವರೆಗೂ ನಿಲ್ಲಿಸುತ್ತಿರಲಿಲ್ಲ.

ಆದರೂ ಆ ಜಾಗ ನನ್ನ ಕಾಲಿನಲ್ಲಿ ಇನ್ನೂ ಇದೆ. ಹಳಬರು ಅದಿರು ಕರಗಿಸಿ ಎಸೆದ ಕಪ್ಪು ಕಿಟ್ಟದ ರಾಶಿ, ನಡೆದರೆ ಒಡೆದ ಬಳೆಯ ಮೇಲೆ ನಡೆದ ಹಾಗೆ ಸದ್ದು. ಗಣಿಯ ಬಾಯಿಯಿಂದ ಬಾವಿಯೊಳಗಿಂದ ಬರುವಂಥ ತಣ್ಣಗಿನ ಉಸಿರು, ಅದರಲ್ಲಿ ಬಾವಲಿಯ ಘಾಟು. ಒಳಗೆ ಹೋಗಲು ಅಮ್ಮನ ಅಪ್ಪಣೆ ಇರಲಿಲ್ಲ. ಬಾಯಿಯಲ್ಲೇ ನಿಂತು ಟಾರ್ಚು ಬಿಟ್ಟರೆ ಗೋಡೆಯ ಬಿರುಕುಗಳಲ್ಲಿ ಹಸಿರು, ಗಿಳಿಯ ರೆಕ್ಕೆಯಂಥ ಹಸಿರು, ಜಿನುಗುತ್ತಾ ಹೆಪ್ಪುಗಟ್ಟಿದಂತೆ ಕಾಣುತ್ತಿತ್ತು. ಹೊರಗೆ ಉದುರಿದ್ದನ್ನು ಅಪ್ಪ ಆರಿಸಿ ತರುತ್ತಿದ್ದರು. ಗಡಿಯಲ್ಲಿ ಒಬ್ಬ ಪೊಲೀಸು ಗೋಣಿ ಬಿಚ್ಚಿಸಿ ನೋಡಿ, "ಇಂಡಿಯಾದಲ್ಲಿ ಕಲ್ಲು ಮಾಫಿ?" ಅಂದರೆ ಕಲ್ಲೇ ಇಲ್ಲವಾ ಎಂದು ಅರಬ್ಬೀ ಬೆರೆತ ಹಿಂದಿಯಲ್ಲಿ ಕೇಳಿದ್ದ. ಅಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು, ನಗುವಿಗೋ ನಾಚಿಕೆಗೋ ಗೊತ್ತಿಲ್ಲ.

ಮನೆಗೆ ಬಂದ ಮೇಲೆ ಪರೀಕ್ಷೆ. ಗಂಡಸರಿಬ್ಬರೂ ಅಡುಗೆಮನೆಯ ನೆಲದಲ್ಲಿ ಕೂತು ಅಮ್ಮನ ಉಪ್ಪಿನಕಾಯಿ ಭರಣಿಯನ್ನು ಕವುಚಿ ಹಾಕುತ್ತಿದ್ದರು. ಭರಣಿಗೆ ಮೈಯೆಲ್ಲ ಹೊಳಪು, ಬುಡದ ಬಳೆ ಮಾತ್ರ ಬಿಳಿ, ಒರಟು. ಅದಕ್ಕೆ ಕಲ್ಲು ಉಜ್ಜಿದರೆ ಅದರ ನಿಜವಾದ ಬಣ್ಣ ಗೀಟಾಗಿ ಬೀಳುತ್ತದೆ. ಹಸಿರು ಗೀಟು ಬಿದ್ದು, ಒಂದು ತೊಟ್ಟು ನಿಂಬೆಹುಳಿಗೆ ಸಣ್ಣಗೆ ನೊರೆ ಎದ್ದರೆ ಅದು ತಾಮ್ರದ ಅದಿರು ಮ್ಯಾಲಕೈಟ್. ನೊರೆ ಬಾರದೆ, ನೆಕ್ಕಿದಾಗ ನಾಲಗೆಗೆ ಅಂಟಿಕೊಂಡರೆ ಕ್ರಿಸೊಕೊಲ್ಲಾ. ನೀಲಿ ಗೀಟು ಬಿದ್ದರೆ ಅಜುರೈಟ್, ಅದು ಸಿಗುವುದು ಅಪರೂಪ. ಈ ನೆಕ್ಕಾಟ ನೋಡಿ ಅಮ್ಮ, "ಮಾಡಿ ಹಾಕಿದ್ದು ಸಾಲುವುದಿಲ್ಲವಾ ನಿಮಗೆ? ತಂಬಿಗೆಯ ಮೇಲೆ ಇದೇ ಕಿಲುಬು ಬಂದರೆ ನಾನು ತಿಕ್ಕಿ ತಿಕ್ಕಿ ತೆಗೆಯುತ್ತೇನೆ, ಇವರು ಪೆಟ್ರೋಲು ಸುಟ್ಟು ಹೊತ್ತು ತರುತ್ತಾರೆ" ಎನ್ನುತ್ತಿದ್ದಳು. ಲಿಗೋರಿ ಮಾಮ ತಲೆ ಎತ್ತದೆ, "ಅಕ್ಕಾ, ಕಿಲುಬೇ. ಆದರೆ ದೇವರು ಬರಿಸಿದ್ದು" ಎಂದರು.

ಅಪರೂಪದ ಆ ನೀಲಿ ಕಲ್ಲು ಸಿಕ್ಕಿದ್ದು ಅವರಿಗೇ, ಕೊನೆಯ ಈದ್‌ನಲ್ಲಿ. ಅಂಗೈಯಷ್ಟು ಕಲ್ಲು, ಹಸಿರಿನ ನಡುವೆ ಕಡುನೀಲಿ ಹರಳುಗಳ ಗುಂಪು. ಭರಣಿಗೆ ಒಂದೇ ಒಂದು ಸಲ ಮೆಲ್ಲಗೆ ಉಜ್ಜಿದರು, ಹೆಚ್ಚು ಉಜ್ಜಿದರೆ ಸವೆದೀತೆಂದು. ಅವರ ಕೆಲಸ ಆಗಲೇ ಖಲಾಸ್ ಆಗಿತ್ತು, ಊರಿಗೆ ಹೋಗುವವರಿದ್ದರು. ಹೆಂಡತಿ ಒಮ್ಮೆಯೂ ಈ ದೇಶ ನೋಡಿದವರಲ್ಲ. ಚಿನ್ನ, ಕಂಬಳಿ, ಹಾಲಿನ ಪುಡಿ ಎಲ್ಲರೂ ಒಯ್ಯುತ್ತಾರೆ, ಇಷ್ಟು ವರ್ಷ ನಾನು ಎಲ್ಲಿದ್ದೆ ಎಂದು ತೋರಿಸಲಿಕ್ಕೆ ಇದೊಂದು ಇರಲಿ ಎಂದರು. ತಮ್ಮ ಕೋಣೆಯಲ್ಲಿಟ್ಟರೆ ಯಾರಾದರೂ ಬಾಗಿಲಿಗೆ ಅಡ್ಡ ಇಟ್ಟಾರು ಎಂದು ನಮ್ಮಲ್ಲಿ ಬಿಟ್ಟರು. ಹೊರಡುವ ದಿನ ನಮ್ಮಲ್ಲಿ ಊಟ, ಊಟ ಮುಗಿಸಿ ಕಲ್ಲು ಎತ್ತಿಕೊಂಡು ವಿಮಾನಕ್ಕೆ.

ಆ ಊಟಕ್ಕೆ ಅಮ್ಮ ಎರಡು ದಿನ ಮೊದಲೇ ತಯಾರಿ ಶುರುಮಾಡಿದ್ದಳು. ಕೋರಿರೊಟ್ಟಿ, ಬಂಗುಡೆ ಪುಳಿಮುಂಚಿ, ಎಲ್ಲ. ತಾಮ್ರದ ಪಾತ್ರೆಗಳನ್ನೆಲ್ಲ ಹುಣಸೆಹುಳಿಯ ನೀರಿನಲ್ಲಿ ನೆನೆಹಾಕಿದಳು. ವರ್ಷಗಟ್ಟಲೆ ಕಲ್ಲುಗಳನ್ನು ಬೈದವಳಿಗೆ ಅಂದು ಏನು ಅನಿಸಿತೋ, ಊರಿಗೆ ಹೋಗುವ ಕಲ್ಲು, ಮತ್ತೊಬ್ಬ ಹೆಂಗಸಿನ ಕೈಗೆ ಸೇರುವ ಕಲ್ಲು, ಧೂಳು ಹಿಡಿದದ್ದನ್ನು ಹೇಗೆ ಕೊಡುವುದು ಎಂದು ಅದನ್ನೂ ಅದೇ ನೀರಿಗೆ ಹಾಕಿದಳು. ಮರುದಿನ ಉಪ್ಪು ಹಾಕಿ ತೆಂಗಿನ ನಾರಿನಲ್ಲಿ ತಿಕ್ಕಿದಳು. ಶಾಲೆಯಿಂದ ಬಂದಾಗ ಬಿಳಿ ಟವಲಿನ ಮೇಲೆ ತಂಬಿಗೆಯ ಪಕ್ಕದಲ್ಲಿ ಕಲ್ಲು ಕೂತಿತ್ತು. ತಂಬಿಗೆ ಹೊಳೆಯುತ್ತಿತ್ತು. ಕಲ್ಲಿನ ನೀಲಿಯನ್ನೆಲ್ಲ ಹುಳಿ ತಿಂದು ಅದು ಕಂದು ಬಣ್ಣಕ್ಕೆ ತಿರುಗಿತ್ತು, ಬಿರುಕುಗಳಲ್ಲಿ ಮಾತ್ರ ಮಬ್ಬು ಹಸಿರು.

ಅಪ್ಪ ಆಫೀಸಿನಿಂದ ಬಂದರು. ಕಲ್ಲನ್ನು ಎತ್ತಿ ಕಿಟಕಿಯ ಬೆಳಕಿಗೆ ಹಿಡಿದರು, ತಿರುಗಿಸಿದರು, ಮತ್ತೆ ತಿರುಗಿಸಿದರು. "ಚೊಕ್ಕ ಆಗಿದೆ" ಎಂದರು, ಅಷ್ಟೇ. ಲಿಗೋರಿ ಮಾಮನಾದರೂ ಹೇಳಿಯಾರು ಎಂದು ನಾನು ಊಟದುದ್ದಕ್ಕೂ ಕಾದೆ. ಅವರು ಕಲ್ಲನ್ನು ಕೈಯಲ್ಲಿ ತೂಗಿ, ಅಪ್ಪನ ಮುಖ ನೋಡಿ, ಅಂಗಿಯ ಮಡಿಕೆಗಳ ನಡುವೆ ಸುತ್ತಿ ಇಟ್ಟರು. "ಅಕ್ಕಾ, ಎಷ್ಟು ಚಂದ ತೊಳೆದಿದ್ದೀರಿ. ಊರಲ್ಲಿ ನಮ್ಮವಳು ನೋಡಿದರೆ ನನ್ನ ಪಾತ್ರೆ ತೊಳೆಯಲಿಕ್ಕೂ ನಿಮ್ಮನ್ನೇ ಕರೆಸಿ ಅಂದಾಳು" ಎಂದರು. ಅಮ್ಮ ನಕ್ಕಳು, ಇನ್ನೊಂದು ರೊಟ್ಟಿ ಹಾಕಿದಳು.

ನನಗೆ ಸಿಟ್ಟು ಬರುವುದು ಇಲ್ಲೇ. ಕಲ್ಲು ಕೆಟ್ಟಿತೆಂದು ಇಬ್ಬರಲ್ಲಿ ಒಬ್ಬರಾದರೂ ಅಮ್ಮನಿಗೆ ಹೇಳಬೇಕಿತ್ತು. ಅಪ್ಪ ಅನಂತರ ಗಣಿಗೆ ಹೋಗಲಿಲ್ಲ, ಕೇಳಿದರೆ ಗಡಿಯ ರಗಳೆ ಎನ್ನುತ್ತಿದ್ದರು. ಅಮ್ಮ ಊರಿನವರು ಬಂದಾಗಲೆಲ್ಲ ಪೊರ್ಬುಗಳ, ಅಂದರೆ ಲಿಗೋರಿ ಮಾಮನ, ಕಲ್ಲನ್ನು ತೊಳೆದುಕೊಟ್ಟ ಕಥೆ ಹೇಳಿದಳು, ಅಪ್ಪ ಪಕ್ಕದಲ್ಲಿ ಕೂತು ಹೂಂ ಎಂದರು. ಕೆಲವು ವರ್ಷ ಹೇಳಿದಳು. ಆಮೇಲೆ ಯಾವಾಗಲೋ ನಿಲ್ಲಿಸಿಬಿಟ್ಟಳು.

ಮೂವರೂ ಈಗಿಲ್ಲ. ಕಲ್ಲುಗಳೆಲ್ಲ ಆ ಮನೆ ಕೆಡವಿದಾಗ ಗೋಡೆಗಳ ಜೊತೆ ಲಾರಿಗೆ ಹೋದವು. ಭರಣಿ ನನ್ನಲ್ಲಿದೆ. ಮೊನ್ನೆ ತಂಬಿಗೆ ಮುಗಿಸಿ, ಮಾವಿನ ಮಿಡಿ ಉಪ್ಪಿನಕಾಯಿ ಹಾಕೋಣವೆಂದು ಅದನ್ನು ತೊಳೆದು ಕವುಚಿದಾಗ ಬುಡದ ಬಿಳಿ ಬಳೆಯ ಮೇಲೆ ಹಸಿರು ಗೀಟುಗಳು, ಅವುಗಳ ನಡುವೆ ಒಂದೇ ಒಂದು ನೀಲಿ. ಅಮ್ಮ ಯಾವ ಪಾತ್ರೆಯ ಯಾವ ಮೂಲೆಯಲ್ಲೂ ಒಂದು ಚುಕ್ಕಿ ಕಲೆ ಉಳಿಯಲು ಬಿಟ್ಟವಳಲ್ಲ. ಈ ಭರಣಿಯನ್ನು ಪ್ರತಿವರ್ಷ ಬಿಸಿನೀರಿನಲ್ಲಿ ಒಳಗೂ ಹೊರಗೂ ಉಜ್ಜಿ, ಬುಡಕ್ಕೆ ಮಾತ್ರ ನಾರು ತಾಗಿಸದೆ, ಕೊನೆಗೆ ನಾಲ್ಕು ಮಡಿಕೆಯ ಮೆತ್ತನೆಯ ಬಟ್ಟೆಯ ಮೇಲೆ ಕೂರಿಸುತ್ತಿದ್ದಳು. ಬಟ್ಟೆ ಯಾಕೆಂದು ನಾನು ಎಂದೂ ಕೇಳಿರಲಿಲ್ಲ. ಕೈಯಲ್ಲಿದ್ದ ನಾರನ್ನು ಕೆಳಗಿಟ್ಟು, ಒಂದು ಹಳೇ ಟವಲು ಹುಡುಕಲು ಒಳಗೆ ಹೋದೆ.