ಹಾಡಿನ ಟೀಚರಮ್ಮ

ಧರ್ಮಸಂಸ್ಥೆಯೊಂದು ನಡೆಸುವ ನಮ್ಮ ಶಾಲೆಯ ಹಾಡಿನ ಟೀಚರಮ್ಮನಿಗೆ ಲೋಕದಲ್ಲಿ ಯಾರ ಶ್ರುತಿಯೂ ಹಿಡಿಸದು. ಬಸ್ಸಿನ ಹಾರನ್ ಕೇಳಿದರೆ ಮುಖ ಸಿಂಡರಿಸುತ್ತಾರೆ, ಹೆಡ್‌ಮಾಸ್ತರರು ಸೀನಿದರೆ "ಸ್ವಲ್ಪ ಮೇಲಾಯ್ತು ಸಾರ್" ಅನ್ನುತ್ತಾರೆ. ಪ್ರಾರ್ಥನೆಯಲ್ಲಿ ಸುಮ್ಮನೆ ಬಾಯಾಡಿಸುವ ಮಕ್ಕಳನ್ನು ಹುಡುಕಿ ಮುಂದಿನ ಸಾಲಿಗೆ ತರುತ್ತಾರೆ. ಕಾಗೆ ಗಂಟಲಿನ ಲೆಕ್ಕದ ಮೇಷ್ಟ್ರಾದ ನನ್ನನ್ನೂ ಬಿಡದೆ, "ಹಾಡಿ ಮೇಷ್ಟ್ರೇ, ದೇವರಿಗೆ ನಿಧಾನವಾಗಿ ಅಭ್ಯಾಸ ಆಗುತ್ತೆ" ಅಂದವರು. ಇಂಥವರ ಪ್ರಾರ್ಥನಾ ಮೇಳದಿಂದ ಆಡಳಿತ ಮಂಡಳಿ ಹತ್ತನೇ ಕ್ಲಾಸಿನ ಹುಡುಗಿಯೊಬ್ಬಳನ್ನು ಹೊರಹಾಕಿತು. ಅವಳು ಪ್ರೀತಿಸುವುದು ಇನ್ನೊಬ್ಬ ಹುಡುಗಿಯನ್ನು ಎಂಬುದು ಮಂಡಳಿಯವರ ಕಿವಿಗೆ ಬಿದ್ದಿತ್ತು. "ಅವಳು ಹಾಡಿದ್ರೆ ದೇವರು ಮೆಚ್ಚಲ್ಲ" ಎಂದರು ಅಧ್ಯಕ್ಷರು. "ಇಷ್ಟು ವರ್ಷ ಅವಳ ಕೈಲಿ ಹಾಡಿಸಿದೀನಿ, ದೇವರು ನನ್ನ ಹತ್ರ ದೂರು ಹೇಳ್ಲಿಲ್ಲವಲ್ಲ" ಎಂದರು ಟೀಚರಮ್ಮ. ಅಧ್ಯಕ್ಷರು ಜಗ್ಗಲಿಲ್ಲ. ಮರುದಿನ ಒಳಗೆ ಪ್ರಾರ್ಥನೆ ಶುರುವಾದಾಗ ಟೀಚರಮ್ಮ ಎದ್ದು, ಬಾಗಿಲಾಚೆ ಒಬ್ಬಳೇ ನಿಂತಿದ್ದ ಹುಡುಗಿಯ ಪಕ್ಕ ಹೋಗಿ ನಿಂತರು. "ನಿಮ್ಮ ಕೆಲಸ ಹೋಗುತ್ತೆ ಟೀಚರ್" ಎಂದು ಅವಳು ಬಿಕ್ಕಿದಳು. "ಹೋದ್ರೆ ಹೋಗ್ಲಿ, ಮೊದಲು ಮೂಗು ಒರೆಸ್ಕೋ" ಎಂದರು ಟೀಚರಮ್ಮ, "ಎರಡನೇ ಚರಣ ನೀನೇ ಎತ್ತಬೇಕು."