ನರ್ಸಮ್ಮ ಇಟ್ಟ ಹೆಸರು

ನನ್ನ ತಮ್ಮನ ಹೆಸರು ಜಾರ್ಜ್. ಶಾಲೆಯ ಹಾಜರಿಯಲ್ಲಿ ಜಾರ್ಜಪ್ಪ. ಮೇಡ್ಲೇರಿಯ ನಮ್ಮ ಓಣಿಯಲ್ಲಿ ಇದನ್ನು ಕೇಳಿ ಯಾರಾದರೂ ನಕ್ಕಿದ್ದು ನನಗೆ ನೆನಪಿಲ್ಲ. ನಕ್ಕಿರಬಹುದು. ನನ್ನ ನೆನಪು ಯಾವಾಗಲೂ ನಮ್ಮ ಮನೆಯವರ ಪರವಾಗಿಯೇ ಸಾಕ್ಷಿ ಹೇಳುತ್ತದೆ.

ಅವನಿಗಿಂತ ಮೊದಲು ಹುಟ್ಟಿದ ಎರಡು ಗಂಡುಕೂಸುಗಳು ತೊಟ್ಟಿಲಲ್ಲೇ ತೀರಿಕೊಂಡಿದ್ದವು. ಅಂಥ ಮನೆಯಲ್ಲಿ ಮುಂದಿನ ಕೂಸನ್ನು ಕಾಳು ಹಸನು ಮಾಡುವ ಮೊರದಲ್ಲಿ ಮಲಗಿಸಿ ಪರರಿಗೆ ಕೊಟ್ಟುಬಿಡುತ್ತಾರೆ. ಹೆಸರಿಡುವವರು ಅವರೇ. ಆಮೇಲೆ ಒಂದು ಹಿಡಿ ತೌಡು ಕೊಟ್ಟು ಮರಳಿ ಪಡೆಯುತ್ತಾರೆ. ಕೂಸು ಈ ಮನೆಯದಲ್ಲ ಎಂದು ಸಾವಿಗೆ ಅನ್ನಿಸಬೇಕು. ಸಾಮಾನ್ಯವಾಗಿ ಪಕ್ಕದ ಮನೆಯವರು ತಿಪ್ಪ, ಗುಂಡ ಎಂದು ಏನೋ ಒಂದು ಇಡುತ್ತಾರೆ. ನಮ್ಮ ಅಜ್ಜಿಗೆ ಪಕ್ಕದ ಮನೆಯ ದೂರ ಸಾಲದೆನಿಸಿತು. ಬಸ್ಸಿನಲ್ಲಿ ಮೊರ ಹೊತ್ತು ಹಾವೇರಿಯ ಆಸ್ಪತ್ರೆಗೆ ಹೋಗಿ, ಹೆರಿಗೆ ಮಾಡಿಸಿದ ಕ್ರೈಸ್ತ ನರ್ಸಮ್ಮನ ಕೈಗೇ ಕೂಸನ್ನು ಕೊಟ್ಟಳು. ಆಕೆ ತನ್ನ ತಂದೆಯ ಹೆಸರಿಟ್ಟಳು ಎಂದು ಮನೆಯಲ್ಲಿ ಹೇಳುತ್ತಾರೆ.

ಆಕೆಯ ಬಿಳಿ ಸೀರೆ, ಮೊರದ ಅಂಚಿಗೆ ಸಿಕ್ಕಿಕೊಂಡ ಬಳೆ ನನ್ನ ಕಣ್ಣಿಗೆ ಕಟ್ಟಿದಂತಿವೆ. ಆ ದಿನ ನಾನು ಕರ್ಜಗಿಯಲ್ಲಿ ಅತ್ತೆಯ ಮನೆಯಲ್ಲಿದ್ದೆ ಎನ್ನುತ್ತಾಳೆ ಅವ್ವ. ಹಾಗಾದರೆ ಆ ಬಳೆ ಎಲ್ಲಿಂದ ಬಂತೋ ತಿಳಿಯದು. ಆ ನೆನಪನ್ನು ಅಳಿಸುವುದೂ ಸರಿಯಲ್ಲ, ನಂಬುವುದೂ ಸರಿಯಲ್ಲ.

ಈ ವರ್ಷ ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಸ್ಥರ ಮನೆಯ ಹುಡುಗಿಯೊಂದಿಗೆ ತಮ್ಮನ ಲಗ್ನ ನಿಶ್ಚಯವಾಯಿತು. ರಾಣೆಬೆನ್ನೂರಿನ ತನ್ನ ಬೀಜದ ಅಂಗಡಿಯಲ್ಲಿ, ಎದುರಿಗೆ ನಿಂತ ಗಿರಾಕಿ ಕರೆದರೂ ಕೇಳಿಸದಂತೆ, ಅವನು ಅವಳೊಂದಿಗೆ ಫೋನಿನಲ್ಲಿರುತ್ತಿದ್ದ. ಲಗ್ನಪತ್ರಿಕೆಯ ಮಾತು ಬಂದಾಗ ಬೀಗರು ನಮ್ಮನ್ನು ಕರೆಸಿದರು. ಅಪ್ಪ ಇಲ್ಲದ್ದರಿಂದ ಅವ್ವ, ನಾನು ಹೋದೆವು. ಇಷ್ಟು ದಿನ ಅವರು ಅವನನ್ನು ‘ಹುಡುಗ’ ಎಂದಷ್ಟೇ ಕರೆಯುತ್ತಿದ್ದರು ಎಂಬುದು ಅಲ್ಲಿ ಕೂತ ಮೇಲೆ ಹೊಳೆಯಿತು.

“ಹುಡುಗ ಬಂಗಾರ ಅದಾನ್ರಿ,” ಎಂದರು ಬೀಗರು. “ಹೆಸರೊಂದು ಬದಲ್ ಮಾಡ್ರಿ. ಕಾರ್ಡ್ ಕೊಟ್ಟಲ್ಲೆಲ್ಲಾ ‘ಯಾವಾಗ ಧರ್ಮ ಬಿಟ್ರಿ’ ಅಂತ ಕೇಳ್ತಾರ. ನಮ್ಮ ದಲಾಲರ ಬಾಯಿ ನಿಮಗ ಗೊತ್ತಿಲ್ಲ.”

ನಾನು ಓದಿಕೊಂಡು ಹೋಗಿದ್ದೆ. “ಅದು ಮೂಲ ಗ್ರೀಕ್ ಭಾಷೆಯದ್ರಿ ಕಾಕಾರ. ನೆಲ, ದುಡಿಮೆ ಎರಡೂ ಕೂಡಿದ ಶಬ್ದ. ಒಕ್ಕಲುತನ ಮಾಡಾಂವ ಅಂತ ಅರ್ಥ. ನಮ್ಮ ಮನಿತನಕ್ಕ ಸರಿಯಾಗೈತಿ.”

“ಹಂಗಾದ್ರ ರೈತಪ್ಪ ಅಂತ ಹಾಕ್ಸೂಣೇನು ತಂಗಿ?” ಒಳಗಿನಿಂದ ಹೆಂಗಸರ ನಗು ಕೇಳಿಸಿತು. “ಅರ್ಥ ಯಾರ್ ನೋಡ್ತಾರವಾ. ಹೆಸರು ನೋಡ್ತಾರ.”

ಅವ್ವ ಸೆರಗು ಸರಿಮಾಡಿಕೊಂಡಳು. “ಹೆಸರು ಇಟ್ಟಾಕಿನ ಅದನ್ನ ಬಿಡಬೇಕ್ರಿ. ಆಕಿ ಬಿಟ್ಟೆ ಅಂದ್ರ ನಾಳೆನ ಬದಲ್ ಮಾಡ್ತೇವಿ. ನಾವಾಗಿ ತಗದ್ರ ಕೂಸು ಉಳಿಯಂಗಿಲ್ಲ.”

ಮೂವತ್ತರ ಹತ್ತಿರ ಬಂದ ಮಗನನ್ನು ಅವಳು ಕೂಸು ಎಂದಾಗ ಒಳಗಿನ ನಗು ನಿಂತಿತು.

ನಿವೃತ್ತಳಾದ ನರ್ಸಮ್ಮ ಹಾವೇರಿಯಲ್ಲೇ ಮಗಳ ಮನೆಯಲ್ಲಿದ್ದಳು. ತಮ್ಮನೂ ನಮ್ಮ ಜೊತೆ ಬಂದ. ದಾರಿಯುದ್ದಕ್ಕೂ ತನಗೊಪ್ಪುವ ಹೊಸ ಹೆಸರುಗಳನ್ನು ಹೇಳಿ ನನ್ನನ್ನು ನಗಿಸುತ್ತಿದ್ದ. ಅವ್ವ ಬಂದ ಕಾರಣ ಹೇಳಿದಾಗ ನರ್ಸಮ್ಮ ಅವನ ಮುಖ ನೋಡಿದಳು, ಅವ್ವನ ಮುಖ ನೋಡಿದಳು.

“ಮೊರದಾಗ ಇಟ್ಟು? ನನ್ನ ಕೈಯಾಗ? ಎಷ್ಟು ಕೂಸು ಹಿಡಿದೇನವಾ, ನೆನಪಿಲ್ಲ. ನಮ್ಮಪ್ಪನ ಹೆಸರೂ ಅದಲ್ಲ.” ಅವ್ವನ ಮುಖ ಬಾಡಿದ್ದನ್ನು ಕಂಡು ಅವಸರದಿಂದ, “ಬದಲ್ ಮಾಡ್ರಿ, ನಂದೇನೂ ತಕರಾರಿಲ್ಲ. ದೇವರು ಒಳ್ಳೇದು ಮಾಡ್ಲಿ,” ಎಂದಳು.

ಹೊರಗೆ ಬಂದವನೇ ತಮ್ಮ ಫೋನ್ ತೆಗೆದ. “ಬಿಟ್ಲಲ್ಲ ಅವ್ವ, ಮುಗೀತು.”

“ನೆನಪ ಇಲ್ದಾಕಿ ಏನ್ ಬಿಡ್ತಾಳೋ? ಹಿಡಿದಿದ್ರ ಬಿಡ್ತಿದ್ಲು.”

“ಆ ಹುಡುಗಿ ಕಾಯಾಕತ್ತಾಳ ಅವ್ವ.”

“ಎರಡು ಮಣ್ಣು ಮಾಡೇನಿ. ಇನ್ನೊಂದು ನನ್ನ ಕೈಲೆ ಆಗಂಗಿಲ್ಲ.”

ಆಮೇಲೆ ಅವನು ಬೈದನೋ, ತಿಳಿಹೇಳಿದನೋ, ಅವಳ ಕಾಲು ಹಿಡಿದನೋ. ಮೂರೂ ದೃಶ್ಯಗಳು ನನ್ನಲ್ಲಿ ಅಷ್ಟೇ ಸ್ಪಷ್ಟವಾಗಿವೆ, ಹೀಗಾಗಿ ಮೂರನ್ನೂ ನಂಬುವುದಿಲ್ಲ. ಖರೇ ನಡೆದದ್ದು ಇಷ್ಟು: ಅವ್ವ ಅವನ ಕೈಯಿಂದ ಫೋನ್ ಕಸಿದು ನನಗೆ ಕೊಟ್ಟು, “ಬ್ಯಾಡಗಿಗೆ ಹಚ್ಚು,” ಎಂದಳು. ಹಚ್ಚಿ ಅವಳ ಕೈಗೆ ಕೊಟ್ಟೆ.

“ಹೆಸರು ಅದ ಇರತೈತ್ರಿ ಬೀಗರ. ಕಾರ್ಡಿನ್ಯಾಗ ಬ್ಯಾರೆ ಹೆಸರು ಬೇಕಂದ್ರ ಬ್ಯಾರೆ ಹುಡುಗನ್ನ ನೋಡ್ಕೋರಿ.”

ಆ ಕಡೆಯ ಮಾತು ನನಗೆ ಕೇಳಿಸಲಿಲ್ಲ. ಅವ್ವ ಬಹಳ ಹೊತ್ತು ಕೇಳಿಸಿಕೊಂಡು, “ಹೂಂರಿ, ಆತು. ನಿಮ್ಮ ಹುಡುಗಿಗೆ ಒಳ್ಳೇದಾಗ್ಲಿ,” ಎಂದು ಫೋನ್ ನನ್ನ ಕೈಗಿಟ್ಟಳು.

ತಮ್ಮ ಫೋನ್ ವಾಪಸ್ ಕೇಳಲಿಲ್ಲ. ಬಸ್ ಸ್ಟ್ಯಾಂಡಿನ ಕಡೆ ನಮ್ಮಿಬ್ಬರನ್ನೂ ಬಿಟ್ಟು ಮುಂದೆ ಮುಂದೆ ನಡೆದ. ಅತ್ತಿತ್ತ ನೋಡದೆ ರಸ್ತೆಗಿಳಿದಾಗ ಲಾರಿಯೊಂದು ಹಾರ್ನ್ ಹೊಡೆಯಿತು. ಅವ್ವ ಅಷ್ಟು ಜನರ ನಡುವೆ ಪೂರ್ತಿ ಹೆಸರು ಹಿಡಿದು ಕೂಗಿದಳು. ಅವನು ನಿಂತ. ತಿರುಗಿ ನೋಡಲಿಲ್ಲ.